ಹಲ್ಲಿನ ವಿದ್ಯೆಯ ಗುಟ್ಟು ಬಿಚ್ಚಿಟ್ಟ ಪಿಯರ್ ಫೋಶಾರ್

ಸವೆದ ಹಲ್ಲಿಗೆ ಕ್ಯಾಪ್ ತೊಡಿಸುವುದು, ಮುಂಭಾಗದ ಹಲ್ಲುಗಳಿಗೆ ವೆನಿಯರ್ ಎಂಬ ತೆಳು ಹೊದಿಕೆ ಅಂಟಿಸುವುದು ಇಂದು ನಗರಗಳ ದಂತ ಚಿಕಿತ್ಸಾಲಯಗಳಲ್ಲಿ ನಿತ್ಯದ ಕೆಲಸ. ಕೆಟ್ಟ ಹಲ್ಲೆಂದರೆ ಕೀಳಬೇಕಾದ ಹಲ್ಲು ಎಂದೇ ಲೋಕ ನಂಬಿದ್ದ ಕಾಲದಲ್ಲಿ, ಉಳಿದ ಬೇರಿನ ಮೇಲೆಯೇ ಹೊಸ ಹಲ್ಲನ್ನು ನಿಲ್ಲಿಸುವ ಬಗೆಯನ್ನು ವಿವರವಾಗಿ ಬರೆದಿಟ್ಟವರು ಫ್ರಾನ್ಸಿನ ಪಿಯರ್ ಫೋಶಾರ್. ಆಧುನಿಕ ದಂತವೈದ್ಯಶಾಸ್ತ್ರದ ಪಿತಾಮಹರೆಂದು ಅವರು ಪ್ರಸಿದ್ಧರು.

1678ರ ಸುಮಾರಿಗೆ ಪಶ್ಚಿಮ ಫ್ರಾನ್ಸಿನಲ್ಲಿ ಜನಿಸಿದ ಫೋಶಾರ್, ಹದಿನೈದರ ಎಳೆವಯಸ್ಸಿನಲ್ಲೇ ನೌಕಾಪಡೆ ಸೇರಿ ಶಸ್ತ್ರವೈದ್ಯ ಅಲೆಕ್ಸಾಂದ್ರ್ ಪೊತ್ಲೆರೆ ಅವರ ಶಿಷ್ಯರಾದರು. ದೀರ್ಘ ಸಮುದ್ರಯಾನದಲ್ಲಿ ಸ್ಕರ್ವಿ ತಗುಲಿದ ನಾವಿಕರ ವಸಡು ಕೊಳೆತು ಹಲ್ಲುಗಳು ಉದುರುತ್ತಿದ್ದವು. ಬಾಯಿಯ ರೋಗಗಳ ಮೊದಲ ಪಾಠ ಅವರಿಗೆ ದೊರೆತದ್ದು ಅಲ್ಲಿಯೇ. ಮುಂದೆ ಆಂಜೆ ಪಟ್ಟಣದಲ್ಲಿ ವೃತ್ತಿ ನಡೆಸಿ, 1718ರ ಸುಮಾರಿಗೆ ಪ್ಯಾರಿಸ್‌ಗೆ ಬಂದು ನೆಲೆಸಿದರು.

ಆಗಿನ ಹಲ್ಲಿನ ವೈದ್ಯದ ಸ್ಥಿತಿ ಶೋಚನೀಯವಾಗಿತ್ತು. ದೊರೆ ಹದಿನಾಲ್ಕನೆಯ ಲೂಯಿಗೇ 1685ರಲ್ಲಿ ಹಲ್ಲು ಕೀಳಿಸಲು ಹೋಗಿ ಮೇಲ್ದವಡೆಯ ಒಂದು ಭಾಗ ಕಿತ್ತು ಬಂದಿತ್ತು. ಅರಸನ ಪಾಡೇ ಹೀಗಿದ್ದಾಗ ಬಡವರ ಪಾಡನ್ನು ಹೇಳಬೇಕೆ? ಪ್ಯಾರಿಸ್ಸಿನ ಪೋನ್ ನಫ್ ಸೇತುವೆಯ ಮೇಲೆ ಹಲ್ಲು ಕೀಳುವವರು ಜಾತ್ರೆಯ ಆಟದಂತೆ ಪ್ರದರ್ಶನ ನಡೆಸುತ್ತಿದ್ದರು. ಕೂಲಿಗೆ ಗೊತ್ತು ಮಾಡಿದವನೊಬ್ಬ, ರಕ್ತ ತುಂಬಿದ ತೆಳುಪೊರೆಯಲ್ಲಿ ಸುತ್ತಿದ ಹಲ್ಲನ್ನು ಮೊದಲೇ ಬಾಯಲ್ಲಿ ಅಡಗಿಸಿಕೊಂಡು ಬಂದು, ನೋವಿಲ್ಲದೆ ಕೀಳಿಸಿಕೊಂಡಂತೆ ನಟಿಸುತ್ತಿದ್ದ. ಇನ್ನು ನಿಜವಾಗಿ ವಿದ್ಯೆ ಬಲ್ಲವರು ಅದನ್ನು ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಗುಟ್ಟೇ ಅವರ ಬಂಡವಾಳವಾಗಿತ್ತು.

ಈ ಗೋಡೆಯನ್ನು ಫೋಶಾರ್ ಒಡೆದರು. 1728ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಅವರ 'ಲ ಶಿರುರ್ಜಿಯಾಂ ದಾಂತಿಸ್ತ್' ಗ್ರಂಥದಲ್ಲಿ ಉಪಕರಣಗಳ ಚಿತ್ರಗಳೊಡನೆ ತಮ್ಮ ಕೈಕೆಲಸವನ್ನೆಲ್ಲ ಬಿಚ್ಚಿಟ್ಟರು. ಮೋಸಗಾರರ ತಂತ್ರಗಳನ್ನೂ ಬಯಲಿಗೆಳೆದರು. ತಲೆಭಾಗ ಹಾಳಾದ ಹಲ್ಲನ್ನು ಅರದಿಂದ ಉಜ್ಜಿ ಸಮಗೊಳಿಸಿ, ಬೇರಿನ ನಾಳವನ್ನು ಶುಚಿಗೊಳಿಸಿ, ಚಿನ್ನ ಅಥವಾ ಬೆಳ್ಳಿಯ ಕಡ್ಡಿಯನ್ನು ಅದರೊಳಗೆ ನೆಟ್ಟು, ಅದರ ಮೇಲೆ ನೀರಾನೆಯ ದಂತದಿಂದ ಕಡೆದ ಹಲ್ಲನ್ನೋ ಮನುಷ್ಯರ ಹಲ್ಲನ್ನೋ ಕೂರಿಸುತ್ತಿದ್ದರು. ಕಾಯಿಸಿ ಮೆದುಗೊಳಿಸಿದ ಅಂಟು ಅದನ್ನು ಹಿಡಿದಿಡುತ್ತಿತ್ತು. ಲೋಹದ ತಗಡಿನ ಮೇಲೆ ಎನಾಮೆಲ್ ಕರಗಿಸಿ ಹಲ್ಲು ಮತ್ತು ವಸಡಿನ ಬಣ್ಣ ತರುವ ಪ್ರಯೋಗವನ್ನೂ ಮಾಡಿದರು. ಇಂದಿನ ಕ್ಯಾಪ್ ಮತ್ತು ವೆನಿಯರ್‌ಗಳ ಮೂಲಕಲ್ಪನೆಯನ್ನು ಇಲ್ಲಿ ಕಾಣಬಹುದು. ಅರಿವಳಿಕೆಯೇ ಇಲ್ಲದ ಆ ದಿನಗಳಲ್ಲಿ ಇದನ್ನೆಲ್ಲ ಸಹಿಸಿದ ರೋಗಿಗಳ ಎದೆಗಾರಿಕೆಯೂ ಸಾಮಾನ್ಯವಲ್ಲ. ರೋಗಿಯನ್ನು ನೆಲದ ಮೇಲೆ ಕೂರಿಸುವ ಪದ್ಧತಿಯನ್ನು ಖಂಡಿಸಿ, ಕೈಯಿರುವ ಕುರ್ಚಿಯನ್ನು ಬಳಕೆಗೆ ತಂದವರೂ ಅವರೇ.

ಹಲ್ಲಿಗೆ ಹುಳ ಬಿದ್ದಿದೆ ಎಂಬ ಮಾತು ನಮ್ಮಲ್ಲಿ ಇಂದಿಗೂ ಕೇಳಿಬರುತ್ತದೆ. ಯುರೋಪಿನಲ್ಲಿಯೂ ಅದೇ ನಂಬಿಕೆಯಿತ್ತು. ಫೋಶಾರ್ ಸೂಕ್ಷ್ಮದರ್ಶಕದಲ್ಲಿ ಹುಡುಕಿದರು, ಹುಳ ಕಾಣಲಿಲ್ಲ. ಸಕ್ಕರೆ ಹಲ್ಲಿಗೆ ಹಾನಿಕರವೆಂದು ಅವರು ಎಚ್ಚರಿಸಿದರು. ಹಾಗೆಂದು ಅವರ ಮಾತೆಲ್ಲವೂ ವೇದವಾಕ್ಯವಲ್ಲ. ಹಲ್ಲುನೋವಿಗೆ ಸ್ವಮೂತ್ರದಿಂದ ಬಾಯಿ ಮುಕ್ಕಳಿಸುವಂತೆಯೂ ಅದೇ ಗ್ರಂಥ ಸಲಹೆ ನೀಡುತ್ತದೆ! ಅವರ ಕೃತಕ ಹಲ್ಲುಗಳೂ ಕಾಲಕ್ರಮದಲ್ಲಿ ಬಣ್ಣಗೆಟ್ಟು ನಾರುತ್ತಿದ್ದವು. ಆ ಕೊರತೆ ನೀಗಲು ಪಿಂಗಾಣಿ ಬರಬೇಕಾಯಿತು. 19ನೇ ಶತಮಾನದ ಕೊನೆಯಲ್ಲಿ ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ ಪಿಂಗಾಣಿಯ ಕ್ಯಾಪ್ ರೂಪಿಸಿದರು. 1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಹಾಲಿವುಡ್ ತಾರೆಯರಿಗೆ ಚಿತ್ರೀಕರಣದ ವೇಳೆಗಷ್ಟೇ ನಿಲ್ಲುವ ವೆನಿಯರ್ ಅಂಟಿಸಿದರು.

1746ರಲ್ಲಿ ಗ್ರಂಥದ ಪರಿಷ್ಕೃತ ಮುದ್ರಣ ಹೊರತಂದ ಫೋಶಾರ್, 1761ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು. ಅವರ ಮಗ ತಂದೆಯ ಹಾದಿ ಹಿಡಿಯದೆ, ಗ್ರಾಂಮೆನಿಲ್ ಎಂಬ ಹೆಸರಿನಲ್ಲಿ ರಂಗನಟನಾಗಿ ಖ್ಯಾತಿ ಗಳಿಸಿದ. ಗ್ರಂಥವು 1733ರಲ್ಲೇ ಜರ್ಮನ್ ಭಾಷೆಗೆ ಬಂದಿತಾದರೂ, ಪೂರ್ಣ ಇಂಗ್ಲಿಷ್ ಅನುವಾದಕ್ಕೆ 1946ರವರೆಗೆ ಕಾಯಬೇಕಾಯಿತು. ಅದನ್ನು ಮಾಡಿದವರು ಬ್ರಿಟನ್ನಿನಲ್ಲಿ ದಂತವೈದ್ಯ ಪದವಿ ಪಡೆದ ಮೊದಲ ಮಹಿಳೆ ಲಿಲಿಯನ್ ಲಿಂಡ್ಸೆ.