ಪುಸ್ತಕ ಹೊತ್ತು ನಡೆದ ಗಳಗನಾಥರು

ಲೇಪಾಕ್ಷಿ ನೋಡಿ ಬರುವ ದಾರಿಯಲ್ಲಿ ಒಮ್ಮೆ ಪೆನುಕೊಂಡದಲ್ಲಿ ಇಳಿದಿದ್ದೆವು. 2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಆ ಊರು ಈಗ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಪೇಟೆಯ ಮಾತು ತೆಲುಗು. ಆದರೆ ವಿಜಯನಗರ ಕಾಲದ ಕನ್ನಡ ಶಾಸನಗಳು ಅಲ್ಲಿವೆ. ಗಡಿಯಾಚೆ ಉಳಿದ ಕನ್ನಡದ ಅಕ್ಷರಗಳೆಂದರೆ ಕಾಸರಗೋಡಿನವರಾದ ನಮಗೆ ನೆಂಟರನ್ನು ಕಂಡಂತೆ. ಗಗನಮಹಲಿನ ನೆರಳಿನಲ್ಲಿ ಕುಳಿತು, ಈ ಕೋಟೆಯದೇ ಒಂದು ಪ್ರೇಮಕಥೆಯನ್ನು ಬರೆಯಲೇಬೇಕೆಂದು ಅಂದೇ ನಿಶ್ಚಯಿಸಿದೆವು.

ಊರಿಗೆ ಬಂದು ಒಂದು ನೋಟುಪುಸ್ತಕ ಕೊಂಡೆವು. ಪಾತ್ರಗಳಿಗೆ ಹೆಸರಿಟ್ಟಾಯಿತು, ಅಧ್ಯಾಯಗಳ ಪಟ್ಟಿಯೂ ಆಯಿತು. ಬರೆಯುವುದು ಮಾತ್ರ ಓಣಂ ರಜೆಗೆ ಎಂದೆವು. ಅದು ಕಳೆದಾಗ ಕ್ರಿಸ್‌ಮಸ್ ರಜೆಗೆ ಎಂದೆವು. ಆಮೇಲೆ ಉತ್ತರಪತ್ರಿಕೆಗಳ ಕಟ್ಟು ಬಂತು. ಎರಡು ವರ್ಷ ಕಳೆದರೂ ಮೊದಲ ಅಧ್ಯಾಯ ಹುಟ್ಟಲಿಲ್ಲ. ನಮ್ಮಂತೆಯೇ ಶಾಲಾ ಮಾಸ್ತರರಾಗಿದ್ದ ಒಬ್ಬ ಹಿರಿಯರ ಬದುಕನ್ನು ಓದಿದ ಮೇಲೆ ಈ ಸೋಮಾರಿತನಕ್ಕೆ ನಮಗೇ ನಾಚಿಕೆಯಾಯಿತು.

ಆ ಹಿರಿಯರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದಲ್ಲಿ ಹುಟ್ಟಿದರು. ಇಂದು ಅದು ಹಾವೇರಿ ಜಿಲ್ಲೆ. ಊರಿನ ಹೆಸರೇ ಅವರ ಹೆಸರಾಗಿ, ನಾಡು ಅವರನ್ನು ಗಳಗನಾಥರೆಂದು ಕರೆಯಿತು. ಧಾರವಾಡದಲ್ಲಿ ಶಿಕ್ಷಕ ತರಬೇತಿ ಪಡೆದು ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದರು. ಆಗ ಆ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿಯಲ್ಲೂ ಓದಿದವರ ಮನೆಯಲ್ಲೂ ಮರಾಠಿಯದೇ ಪ್ರಭಾವ. ಕಥೆ ಓದಬೇಕೆಂಬ ಆಸೆಯಾದರೆ ಕನ್ನಡದವರೂ ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದರು. ಈ ಪರಿಸ್ಥಿತಿಯನ್ನು ನಮ್ಮ ಜಿಲ್ಲೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಗಳಗನಾಥರು ಅದಕ್ಕಾಗಿ ಗೊಣಗುತ್ತ ಕೂರಲಿಲ್ಲ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಇವರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಡೆ ತಿರುಗಿದರು. ಮರಾಠಿಯ ರುಚಿ ಹತ್ತಿದವರಿಗೆ ಅದೇ ರುಚಿಯನ್ನು ಕನ್ನಡದಲ್ಲಿ ಬಡಿಸಿದರು. ಇವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಅವರ ಲೇಖನಿಯಿಂದ ಹೊರಟವು. ಕನ್ನಡ ಕಾದಂಬರಿಯ ಪಿತಾಮಹರೆಂಬ ಗೌರವವೂ ಅವರಿಗೆ ಸಂದಿತು.

ಇಷ್ಟು ಬರವಣಿಗೆ ಸಾಗಿದ್ದು ಹೇಗೆ? ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹಾವೇರಿಯ ಬಳಿಯ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅದರ ಸಂಪಾದಕತ್ವ ಗಳಗನಾಥರ ಪಾಲಿಗೆ ಬಂತು. ಅವರ ಕಾದಂಬರಿಗಳು ಅದರಲ್ಲಿ ಬೆಳಕು ಕಂಡವು. ಮಾಸಪತ್ರಿಕೆಗೆ ಓಣಂ ರಜೆಯ ನೆಪ ನಡೆಯುವುದಿಲ್ಲ. ತಿಂಗಳು ತುಂಬುವ ಹೊತ್ತಿಗೆ ಅಚ್ಚಿನ ಮೊಳೆ ಜೋಡಿಸುವವನ ಕೈಗೆ ಹಾಳೆ ಸೇರಲೇಬೇಕು, ಚಂದಾದಾರನ ಮನೆಗೆ ಅಂಚೆ ಮುಟ್ಟಲೇಬೇಕು. ದಿನದ ಪಾಲನ್ನು ದಿನವೇ ಬರೆಯದೆ ಇಂಥ ಕೆಲಸ ಸಾಗುವಂತಿಲ್ಲ.

ಕಥೆ ಹೂಡುವುದರಲ್ಲಿಯೂ ಅವರಿಂದ ಕಲಿಯುವುದಿದೆ. ವಿಜಯನಗರದ ಉದಯವನ್ನು ‘ಮಾಧವ ಕರುಣಾ ವಿಲಾಸ’ದಲ್ಲಿ ಹೇಳಿದ ಅವರು, ಪತನವನ್ನು ‘ಕನ್ನಡಿಗರ ಕರ್ಮಕಥೆ’ಯಲ್ಲಿ ಹೇಳಿದರು. ಇದಕ್ಕೆ ಮೂಲ ಆಪಟೆಯವರ ‘ವಜ್ರಾಘಾತ’. 1565ರ ಯುದ್ಧದಲ್ಲಿ ರಾಮರಾಯ ಮಡಿದನೆಂಬುದು ಶಾಲೆಯ ಹುಡುಗನಿಗೂ ಗೊತ್ತು. ಕೊನೆ ಮೊದಲೇ ತಿಳಿದಿರುವ ಕಥೆಯಲ್ಲಿ ಓದುಗನನ್ನು ಹಿಡಿದಿಡುವುದು ಹೇಗೆ? ಅದಕ್ಕೆ ಅಲ್ಲಿ ಪ್ರೇಮದ ಎಳೆಯಿದೆ. ಯೌವನದಲ್ಲಿ ರಾಮರಾಯ ಒಲಿದು ಕೈಬಿಟ್ಟ ಮೆಹರ್ಜಾನಳ ದುಃಖವೇ ಮುಂದೆ ಅವನ ವಿನಾಶಕ್ಕೆ ದಾರಿಯಾಗುತ್ತದೆ. ಈ ಪ್ರೇಮ ಕಾದಂಬರಿಯ ಕಲ್ಪನೆಯೇ ಹೊರತು ಚರಿತ್ರೆಯಲ್ಲ. ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕು. ಯುದ್ಧದ ನಂತರ ರಾಮರಾಯನ ತಮ್ಮ ತಿರುಮಲನು ಸದಾಶಿವರಾಯನೊಡನೆ ಪೆನುಕೊಂಡಕ್ಕೆ ಹೋದದ್ದು, ಆ ಬೆಟ್ಟದೂರು ರಾಜಧಾನಿಯಾದದ್ದು ಮಾತ್ರ ಚರಿತ್ರೆ.

ಬರೆದು ಅಚ್ಚು ಹಾಕಿಸಿದರೂ ಕೊಳ್ಳುವವರು ಬೇಕಲ್ಲ? ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಹೆಸರಾಂತ ಲೇಖಕ ಮನೆಯ ಬಾಗಿಲಿಗೆ ಬಂದು ನಿಲ್ಲುವುದರಲ್ಲಿ ಅವರು ಸಣ್ಣತನ ಕಾಣಲಿಲ್ಲ. ಕನ್ನಡ ಓದುವ ಅಭ್ಯಾಸವೇ ಇಲ್ಲದಿದ್ದ ಎಷ್ಟೋ ಮನೆಗಳನ್ನು ಕನ್ನಡ ಪುಸ್ತಕ ಹೊಕ್ಕಿದ್ದು ಹೀಗೆ. 1942ರಲ್ಲಿ ಅವರು ತೀರಿಕೊಂಡರು. ಗಳಗನಾಥವಿದ್ದ ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅದೇ ವರ್ಷ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು.

ಅವರ ಗದ್ಯ ಇಂದಿನ ಮಕ್ಕಳಿಗೆ ತುಸು ಭಾರವೆನಿಸಬಹುದು. ಆದರೆ ಭಾಷೆ ಉಳಿಯುವುದು ಸಭೆಯ ಠರಾವುಗಳಿಂದಷ್ಟೇ ಅಲ್ಲ. ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಯಾರೋ ಒಬ್ಬರು ಮುಂದೇನಾಯಿತೆಂದು ಪುಟ ತಿರುಗಿಸುವುದರಿಂದ ಎಂಬುದನ್ನು ಅವರು ಅರಿತಿದ್ದರು. ನಮ್ಮ ಮನೆಗಳಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ. ಅವರ ಕೈಯಲ್ಲಿ ಕನ್ನಡದ ಕಥೆಪುಸ್ತಕ ಕಾಣುವುದು ಮಾತ್ರ ಅಪರೂಪವಾಗುತ್ತಿದೆ.

ಕಳೆದ ಸೋಮವಾರ ನಾವು ಹಳೆಯ ನೋಟುಪುಸ್ತಕ ತೆಗೆದೆವು. ಶಾಲೆಗೆ ಹೊರಡುವ ಮುನ್ನ ದಿನಕ್ಕೊಂದು ಪುಟ ಎಂದು ಗೊತ್ತುಮಾಡಿಕೊಂಡಿದ್ದೇವೆ. ಈವರೆಗೆ ನಾಲ್ಕು ಪುಟ ಆಗಿದೆ.