ಬರ್ನಾರ್ಡೊ ಡಿ ಗಾಲ್ವೆಜ್

ಅಮೆರಿಕದ ಸ್ವಾತಂತ್ರ್ಯಸಮರವೆಂದೊಡನೆ ಜಾರ್ಜ್ ವಾಷಿಂಗ್ಟನ್ನನ ಹೆಸರು ನೆನಪಿಗೆ ಬರುತ್ತದೆ. ಫ್ರಾನ್ಸ್ ದೇಶವು ನೀಡಿದ ನೆರವೂ ಪ್ರಸಿದ್ಧವಾಗಿದೆ. ಅದೇ ಸಮರದಲ್ಲಿ ದಕ್ಷಿಣದ ಕಡಲತೀರದ ಬ್ರಿಟಿಷ್ ಕೋಟೆಗಳನ್ನು ಒಂದೊಂದಾಗಿ ಗೆದ್ದವನು ಸ್ಪೇನ್ ದೇಶದ ಸೇನಾನಿ ಬರ್ನಾರ್ಡೊ ಡಿ ಗಾಲ್ವೆಜ್.

ಗಾಲ್ವೆಜ್ 1746ರ ಜುಲೈ 23ರಂದು ದಕ್ಷಿಣ ಸ್ಪೇನಿನ ಮಾಲಗ ಪ್ರಾಂತದ ಮಚರವಿಯಾಯ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ಹದಿಹರೆಯದಲ್ಲಿಯೇ ಸೈನ್ಯವನ್ನು ಸೇರಿ, ಮೆಕ್ಸಿಕೋದ ಗಡಿಯಲ್ಲಿಯೂ ಆಲ್ಜಿಯರ್ಸಿನ ದಂಡಯಾತ್ರೆಯಲ್ಲಿಯೂ ಹೋರಾಡಿ ಗಾಯಗೊಂಡನು. 1777ರ ಜನವರಿಯಲ್ಲಿ ಲೂಸಿಯಾನ ಪ್ರಾಂತದ ಆಡಳಿತವನ್ನು ವಹಿಸಿಕೊಂಡಾಗ ಅವನಿಗೆ ಮೂವತ್ತು ವರ್ಷ ವಯಸ್ಸು.

1763ರ ಒಪ್ಪಂದದಂತೆ ಸ್ಪೇನ್ ಫ್ಲಾರಿಡವನ್ನು ಬ್ರಿಟನ್ನಿಗೆ ಒಪ್ಪಿಸಬೇಕಾಗಿ ಬಂದಿತ್ತು. ಆ ನೋವು ದೊರೆ ಮೂರನೆಯ ಚಾರ್ಲ್ಸನ ಮನಸ್ಸಿನಿಂದ ಮಾಸಿರಲಿಲ್ಲ. ಆದರೆ ಸ್ಪೇನಿಗೂ ವಿಶಾಲವಾದ ವಸಾಹತುಗಳಿದ್ದುವು. ನೆರೆಯವರ ದಂಗೆಗೆ ಬಹಿರಂಗವಾಗಿ ನೀರೆರೆದರೆ ಅದರ ಬೇರು ತನ್ನ ಅಂಗಳಕ್ಕೂ ಹಬ್ಬೀತೆಂಬ ಭಯ ಅದಕ್ಕಿತ್ತು. ಆದುದರಿಂದ ನೆರವು ಗುಟ್ಟಾಗಿ ಸಾಗಿತು. ನ್ಯೂ ಆರ್ಲಿಯನ್ಸಿನಲ್ಲಿದ್ದ ವ್ಯಾಪಾರಿ ಆಲಿವರ್ ಪೊಲಾಕನ ಮೂಲಕ ಮದ್ದುಗುಂಡು, ಔಷಧಿ, ಬಟ್ಟೆಗಳು ಮಿಸಿಸಿಪ್ಪಿ ನದಿಯ ಪ್ರವಾಹಕ್ಕೆದುರಾಗಿ ದೋಣಿಗಳಲ್ಲಿ ಅಮೆರಿಕನ್ನರನ್ನು ಮುಟ್ಟಿದುವು.

1779ರ ಜೂನ್ ತಿಂಗಳಿನಲ್ಲಿ ಸ್ಪೇನ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಗಾಲ್ವೆಜ್ ದಂಡೆತ್ತಲು ಸಿದ್ಧನಾಗುತ್ತಿದ್ದಾಗಲೇ, ಆಗಸ್ಟ್ 18ರಂದು ಚಂಡಮಾರುತವೊಂದು ನಗರದ ಮೇಲೆರಗಿತು. ಮನೆಗಳು ನೆಲಕ್ಕುರುಳಿದುವು, ದೋಣಿಗಳು ನದಿಯ ಪಾಲಾದುವು. ಅವನು ಎದೆಗುಂದಲಿಲ್ಲ. ಪುರಜನರನ್ನು ಒಂದೆಡೆ ಸೇರಿಸಿ, ನೀವು ಜೊತೆಗೆ ನಿಲ್ಲುವಿರಾದರೆ ಮಾತ್ರ ರಾಜ್ಯಪಾಲನಾಗಿ ಪ್ರಮಾಣ ಮಾಡುವೆನೆಂದನು. ಮನೆಮಠ ಕಳೆದುಕೊಂಡಿದ್ದ ಆ ಜನ ಒಕ್ಕೊರಲಿನಿಂದ ಒಪ್ಪಿದರು. ಆಗಸ್ಟ್ 27ರಂದು ಹೊರಟ ಸಣ್ಣ ಪಡೆಯಲ್ಲಿ ಸ್ಪೇನಿನವರು, ಫ್ರೆಂಚ್ ಮೂಲದವರು, ಸ್ವತಂತ್ರರಾದ ಕಪ್ಪು ಜನರು, ಮೂಲನಿವಾಸಿಗಳು ಹೆಗಲಿಗೆ ಹೆಗಲು ಕೊಟ್ಟು ನಡೆದರು. ಸೆಪ್ಟೆಂಬರ್ ಮುಗಿಯುವುದರೊಳಗೆ ಮ್ಯಾಂಚಾಕ್, ಬ್ಯಾಟನ್ ರೂಜ್ ಕೋಟೆಗಳು ಶರಣಾದುವು. ಮರುವರ್ಷ ಮಾರ್ಚ್‌ನಲ್ಲಿ ಮೊಬೀಲ್ ವಶವಾಯಿತು.

ಉಳಿದುದು ಪೆನ್ಸಕೋಲ. 1780ರಲ್ಲಿ ಅದರತ್ತ ಹೊರಟ ನೌಕಾಬಲವನ್ನು ಬಿರುಗಾಳಿ ಚದುರಿಸಿತು. 1781ರ ಮಾರ್ಚ್‌ನಲ್ಲಿ ಗಾಲ್ವೆಜ್ ಮತ್ತೆ ಬಂದನು. ಕೊಲ್ಲಿಯ ಬಾಯಿಯಲ್ಲಿ ಮರಳದಿಣ್ಣೆ. ದಡದಲ್ಲಿ ಬ್ರಿಟಿಷ್ ಫಿರಂಗಿಗಳು. ದೊಡ್ಡ ಹಡಗೊಂದು ಮರಳಿಗೆ ತಾಗಿದುದರಿಂದ ನೌಕಾಧಿಪತಿ ಮುಂದುವರಿಯಲು ಒಪ್ಪಲಿಲ್ಲ. ಮಾರ್ಚ್ 18ರಂದು ಗಾಲ್ವೆಜ್ ತನ್ನ ಅಧೀನದಲ್ಲಿದ್ದ ಚಿಕ್ಕ ಹಡಗನ್ನೇರಿ, ಕೆಲವೇ ದೋಣಿಗಳೊಡನೆ ಗುಂಡಿನ ಮಳೆಯ ನಡುವೆ ಒಳನುಗ್ಗಿದನು. ನಾಯಕನು ಸುರಕ್ಷಿತವಾಗಿ ದಾಟಿದುದನ್ನು ಕಂಡು ಉಳಿದ ಹಡಗುಗಳು ಮರುದಿನ ಹಿಂಬಾಲಿಸಿದುವು. ಮುತ್ತಿಗೆಯಲ್ಲಿ ಅವನು ಗಾಯಗೊಂಡರೂ ಹಿಂಜರಿಯಲಿಲ್ಲ. ಮೇ 8ರಂದು ಗುಂಡೊಂದು ಬ್ರಿಟಿಷರ ಮದ್ದಿನಮನೆಯನ್ನು ಸಿಡಿಸಿತು. ಮೇ 10ರಂದು ಕೋಟೆ ಶರಣಾಯಿತು. ತಾನೊಬ್ಬನೇ ಎಂಬ ಅರ್ಥದ ಬಿರುದನ್ನು ಲಾಂಛನದಲ್ಲಿ ಧರಿಸಲು ದೊರೆ ಅವನಿಗೆ ಅನುಮತಿಯಿತ್ತನು.

ಬ್ರಿಟನ್ನಿಗೆ ಎದುರಾದ ಈ ಯುದ್ಧದ ಜ್ವಾಲೆ ಸಾಗರಗಳನ್ನು ದಾಟಿತ್ತು. ಬ್ರಿಟಿಷರು ಫ್ರೆಂಚರಿಂದ ಮಾಹೆಯನ್ನು ಕಸಿದುಕೊಂಡುದು ಮೈಸೂರಿನ ಹೈದರಾಲಿ 1780ರಲ್ಲಿ ಅವರ ಮೇಲೆ ದಂಡೆತ್ತಲು ಒಂದು ಕಾರಣವಾಯಿತು. 1783ರ ಒಪ್ಪಂದದಿಂದ ಅಮೆರಿಕ ಸ್ವತಂತ್ರವಾಯಿತು. ಫ್ಲಾರಿಡ ಸ್ಪೇನಿಗೆ ಮರಳಿತು.

1785ರಲ್ಲಿ ಗಾಲ್ವೆಜ್ ಮೆಕ್ಸಿಕೋದ ರಾಜಪ್ರತಿನಿಧಿಯಾದನು. ಅಕಾಲದ ಹಿಮ ಬಿದ್ದು ಬೆಳೆ ನಾಶವಾಗಿ ನಾಡಿಗೆ ಘೋರ ಕ್ಷಾಮ ಬಂದಾಗ, ಸ್ವಂತ ಹಣವನ್ನೂ ನೀಡಿ ಜನರ ಹಸಿವನ್ನು ತಣಿಸಲು ಶ್ರಮಿಸಿದನು. 1786ರ ನವೆಂಬರ್ 30ರಂದು, ನಲವತ್ತನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡನು.

ಅವನು ಹೋರಾಡಿದುದು ತನ್ನ ದೊರೆಗಾಗಿ. ಸ್ಪೇನಿನ ವಸಾಹತುಗಳ ಜನರಿಗೆ ಆ ಸ್ವಾತಂತ್ರ್ಯ ದೊರೆಯಲಿಲ್ಲ. ಆದರೂ ಅವನ ಸಾಹಸ ಹೊಸ ರಾಷ್ಟ್ರವೊಂದರ ಉದಯಕ್ಕೆ ನೆರವಾಯಿತು. ಟೆಕ್ಸಾಸಿನ ಗ್ಯಾಲ್ವೆಸ್ಟನ್ ನಗರವು ಅವನ ಹೆಸರನ್ನು ಹೊತ್ತಿದೆ. 2014ರಲ್ಲಿ ಅಮೆರಿಕ ಅವನಿಗೆ ಗೌರವ ಪೌರತ್ವವನ್ನು ನೀಡಿ ಹಳೆಯ ಋಣವನ್ನು ನೆನೆಯಿತು. ಅಪಾಯದ ಹೊಸ್ತಿಲಲ್ಲಿ ಇತರರಿಗೆ ಆಜ್ಞೆ ಮಾಡಿ ಹಿಂದೆ ನಿಲ್ಲದೆ, ತಾನೇ ಮೊದಲು ಹೆಜ್ಜೆಯಿಡುವವನು ನಿಜವಾದ ನಾಯಕನೆಂಬುದಕ್ಕೆ ಗಾಲ್ವೆಜನ ಬಾಳು ನಿದರ್ಶನವಾಗಿದೆ.