ತ್ಯಾಗವೀರ ಸಿರಸಂಗಿ ಲಿಂಗರಾಜರು

ಸಮಾಜವು ತ್ಯಾಗವೀರರೆಂದು ನೆನೆಯುವ ಲಿಂಗರಾಜರು 1861ರ ಜನವರಿ 10ರಂದು ಶಿಗ್ಲಿಯಲ್ಲಿ ಜನಿಸಿದರು. ರಾಮಪ್ಪನೆಂಬ ಆ ಬಾಲಕನು ಸಿರಸಂಗಿ ದೇಸಗತಿಗೆ ದತ್ತಕನಾಗಿ ಬಂದು ಲಿಂಗರಾಜನಾದನು. ಬಂದ ಸಿರಿಯೊಡನೆ ನೆಮ್ಮದಿ ಬರಲಿಲ್ಲ. ದೇಸಗತಿಯ ಹಕ್ಕಿಗಾಗಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

1904ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಹೊಲ, ಮನೆ, ಅಂಗಡಿಗಳಿದ್ದರೂ ವಿದ್ಯೆಯಲ್ಲಿ ಹಿಂದುಳಿದಿದ್ದ ಸಮಾಜದ ಸ್ಥಿತಿ ಅವರನ್ನು ಕಾಡಿತ್ತು.

ತಮ್ಮ ನಂತರ ಆಸ್ತಿಗೆ ಸಂತಾನವಿರಲಿಲ್ಲ. ದೇಸಾಯರ ಮನೆಗಳ ವಾಡಿಕೆಯಂತೆ ದತ್ತಕ ಪಡೆಯಬಹುದಿತ್ತು; ತಾವೇ ಹಾಗೆ ಬಂದವರಲ್ಲವೇ! ಆದರೆ ಅವರು ಮೃತ್ಯುಪತ್ರ ಬರೆದು ಸರ್ವಸ್ವವನ್ನೂ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಭೂಮಿಯನ್ನು ಮಾರಿ ಹಂಚಿದ್ದರೆ ಆ ದಾನ ಒಂದು ತಲೆಮಾರಿಗೇ ತೀರುತ್ತಿತ್ತು. ಮೂಲಧನ ಉಳಿದು, ಅದರ ಉತ್ಪನ್ನವಷ್ಟೇ ವಿದ್ಯಾರ್ಥಿ ವೇತನವಾಗಿ ಹರಿಯುವ ಈ ವ್ಯವಸ್ಥೆಯೇ ಅವರ ದೂರದೃಷ್ಟಿಗೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ. ಬೆಳೆದ ನೆಲದ ಸಂಪತ್ತು ಅದೇ ನೆಲದ ಮಕ್ಕಳಿಗೆ ಮರಳಿತು.

1906ರ ಆಗಸ್ಟ್ 23ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಮೃತ್ಯುಪತ್ರವನ್ನು ಪ್ರಶ್ನಿಸಿ ಮನೆಯವರೇ ವ್ಯಾಜ್ಯ ಹೂಡಿದರು. ಅದು ವರ್ಷಗಟ್ಟಲೆ ನಡೆಯಿತು. ಆ ಅವಧಿಯಲ್ಲಿ ಎಷ್ಟು ಬಡ ಮಕ್ಕಳ ಓದು ನಿಂತಿತೋ ಶಿವನೇ ಬಲ್ಲ. ಕೊನೆಗೆ ಲಿಂಗರಾಜರ ಇಚ್ಛೆಯೇ ಗೆದ್ದಿತು, ನವಲಗುಂದ–ಸಿರಸಂಗಿ ಟ್ರಸ್ಟ್ ನೆಲೆಗೊಂಡಿತು. ಅದರ ನೆರವಿನಿಂದ ಓದಿದವರು ವಕೀಲರಾದರು, ವೈದ್ಯರಾದರು, ಅಧ್ಯಾಪಕರಾದರು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ತೆರೆದ ಕಾಲೇಜಿಗೆ ಅವರ ಹೆಸರನ್ನೇ ಇಡಲಾಯಿತು.